ಕೂದಲಿನ ಗುಳಿಗೆ, ಗಂಡಸರ ಮೌನ

ಗಂಡಸರ ತಲೆಗೂದಲು ಉದುರುವುದನ್ನು ನಮ್ಮ ಸಮಾಜ ಗಂಭೀರ ವಿಷಯವೆಂದು ಎಂದೂ ಪರಿಗಣಿಸಿಲ್ಲ. ಅದು ಮದುವೆ ಮನೆಯ ತಮಾಷೆಗೆ, ಕಚೇರಿಯ ಕೀಟಲೆಗೆ, ಚಲನಚಿತ್ರದ ನಗೆ ದೃಶ್ಯಕ್ಕೆ ಒದಗಿಬರುವ ವಸ್ತು. ಆದರೆ ಇದೇ ಸಮಾಜ ವರಾನ್ವೇಷಣೆಗೆ ಹೊರಟಾಗ ಅದೇ ಬೋಳುತಲೆಯನ್ನು ಎಷ್ಟು ನಿರ್ದಾಕ್ಷಿಣ್ಯವಾಗಿ ಅಳೆಯುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. 2017ರಲ್ಲಿ ತೆರೆಕಂಡ ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’, ಮಂಗಳೂರಿನ ಕನ್ನಡ ಉಪನ್ಯಾಸಕನೊಬ್ಬನ ಹೆಣ್ಣು ನೋಡುವ ಪಾಡಿನ ಮೂಲಕ ಈ ಇಬ್ಬಗೆಯ ವರ್ತನೆಯನ್ನು ಚೆನ್ನಾಗಿಯೇ ತೋರಿಸಿತು. ನಗುತ್ತಲೇ ನೋಯಿಸುವ ಇಂಥ ಒತ್ತಡದ ನೆರಳಲ್ಲಿ ಕೇಶ ಚಿಕಿತ್ಸೆಯ ದೊಡ್ಡದೊಂದು ಮಾರುಕಟ್ಟೆ ಬೆಳೆದು ನಿಂತಿದೆ. ಎಣ್ಣೆ, ಶಾಂಪೂ, ಕಸಿ ಶಸ್ತ್ರಚಿಕಿತ್ಸೆಗಳ ಆ ಗದ್ದಲದ ನಡುವೆ, ನಿಜವಾಗಿಯೂ ಕೆಲಸ ಮಾಡುವ ಪುಟ್ಟ ಗುಳಿಗೆಯೊಂದಿದೆ. ಅದರ ಹೆಸರು ಫಿನಾಸ್ಟರೈಡ್.

ಈ ಗುಳಿಗೆಯನ್ನು ನಾನು ಮೂರು ವರ್ಷಕ್ಕೂ ಹೆಚ್ಚು ಕಾಲ ಸೇವಿಸಿದ್ದೇನೆ. ನಿಲ್ಲಿಸಿ ನಾಲ್ಕು ವರ್ಷಗಳಾದವು. ಅದರ ಅಡ್ಡಪರಿಣಾಮಗಳೆಂದು ನಾನು ನಂಬಿರುವ ತೊಂದರೆಗಳಲ್ಲಿ ಕೆಲವು ಬಿಟ್ಟುಹೋದವು. ಕೆಲವು ಇನ್ನೂ ಜೊತೆಗಿವೆ. ಹಾಗೆಂದು ಔಷಧವನ್ನು ನಿಷೇಧಿಸಬೇಕೆಂದು ಕೂಗುವುದು ಈ ಬರಹದ ಉದ್ದೇಶವಲ್ಲ. ಅದನ್ನು ಸೇವಿಸಿ ಯಾವ ತೊಂದರೆಯೂ ಇಲ್ಲದೆ ಇರುವವರೇ ಹೆಚ್ಚು. ನನ್ನ ಪ್ರಶ್ನೆಗಳು ಎರಡು. ಪ್ರಾಣಕ್ಕೆ ಯಾವ ಅಪಾಯವನ್ನೂ ಒಡ್ಡದ ಸ್ಥಿತಿಯೊಂದಕ್ಕೆ, ಆರೋಗ್ಯವಂತನಾದ ಗಂಡಸಿಗೆ, ವರ್ಷಗಟ್ಟಲೆ ಕೊಡುವ ಔಷಧದ ಬಗ್ಗೆ ಅವನಿಗೆ ಮೊದಲೇ ಎಷ್ಟು ತಿಳಿಸಬೇಕು? ತೊಂದರೆಯಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಯಾರು?

ಮೊದಲು ವಿಜ್ಞಾನದ ಮಾತು. ಬೋಳುತಲೆಗೂ ಪುರುಷ ಹಾರ್ಮೋನುಗಳಿಗೂ ಇರುವ ನಂಟನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಪ್ರೌಢಾವಸ್ಥೆಗೆ ಮುನ್ನವೇ ವೃಷಣಗಳನ್ನು ಕಳೆದುಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ. ಆದರೆ ವಂಶದಲ್ಲಿ ಬೋಳುತಲೆಯಿರುವ ಅಂಥವರಿಗೆ ಟೆಸ್ಟೋಸ್ಟಿರಾನ್ ಕೊಟ್ಟರೆ ಕೂದಲು ಉದುರತೊಡಗುತ್ತದೆ ಎಂದು ಅವರು ಕಂಡುಕೊಂಡರು. ಮುಂದಿನ ಸುಳಿವು ಸಿಕ್ಕಿದ್ದು ಕೆರಿಬಿಯನ್ ದ್ವೀಪರಾಷ್ಟ್ರವಾದ ಡೊಮಿನಿಕನ್ ಗಣರಾಜ್ಯದ ಸಾಲಿನಾಸ್ ಎಂಬ ಹಳ್ಳಿಯಲ್ಲಿ. ಅಲ್ಲಿನ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು, ಪ್ರೌಢಾವಸ್ಥೆಗೆ ಬರುವಾಗ ಗಂಡಾಗಿ ಬೆಳೆಯುತ್ತಿದ್ದರು. ಟೆಸ್ಟೋಸ್ಟಿರಾನನ್ನು ಡೈಹೈಡ್ರೊಟೆಸ್ಟೋಸ್ಟಿರಾನ್ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವವೊಂದು ಅವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು ಎಂಬುದನ್ನು ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ವರದಿ ಮಾಡಿದರು. ಈ ಗಂಡಸರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು. ಅವರ ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿರಲಿಲ್ಲ.

ಆ ಕಿಣ್ವವನ್ನು ಔಷಧದ ಮೂಲಕ ತಡೆದರೆ ಹೇಗೆ ಎಂಬ ಯೋಚನೆಯಿಂದ ಮರ್ಕ್ ಕಂಪನಿ ರೂಪಿಸಿದ್ದು ಫಿನಾಸ್ಟರೈಡ್. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ 5 ಮಿಲಿಗ್ರಾಂ ಗುಳಿಗೆಯನ್ನೂ, 1997ರಲ್ಲಿ ಗಂಡಸರ ಬೋಳುತಲೆಗೆ 1 ಮಿಲಿಗ್ರಾಂ ಗುಳಿಗೆಯನ್ನೂ ಒಪ್ಪಿಕೊಂಡಿತು. ಈ ಗುಳಿಗೆ ರಕ್ತದಲ್ಲಿರುವ ಡೈಹೈಡ್ರೊಟೆಸ್ಟೋಸ್ಟಿರಾನ್ ಪ್ರಮಾಣವನ್ನು ಸುಮಾರು ಶೇ 70ರಷ್ಟು ಇಳಿಸುತ್ತದೆ. ಓದುಗರು ಗಮನಿಸಬೇಕಾದ ಅಂಶ ಇದು. ಕೂದಲಿನ ಔಷಧ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ತಲೆಗೆ ತಿಕ್ಕುವ ಎಣ್ಣೆ. ಇದಾದರೋ ಇಡೀ ದೇಹದ ಹಾರ್ಮೋನು ವ್ಯವಸ್ಥೆಗೆ ಕೈಹಾಕುವ ಔಷಧ.

ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. 1998ರಲ್ಲಿ ಪ್ರಕಟವಾದ, 1,553 ಗಂಡಸರನ್ನು ಒಳಗೊಂಡ ಅಧ್ಯಯನದಲ್ಲಿ, ಎರಡು ವರ್ಷಗಳ ಕೊನೆಗೆ ಔಷಧ ಸೇವಿಸಿದವರ ಪೈಕಿ ಶೇ 66ರಷ್ಟು ಮಂದಿಯ ಛಾಯಾಚಿತ್ರಗಳಲ್ಲಿ ಕೂದಲು ಹೆಚ್ಚಿರುವುದು ಕಂಡುಬಂತು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ಇದು ಶೇ 7 ಮಾತ್ರ. ಅಂಥ ಪರೀಕ್ಷೆಗಳ ಮೊದಲ ವರ್ಷದಲ್ಲಿ ಲೈಂಗಿಕ ತೊಂದರೆಗಳು ಕಾಣಿಸಿಕೊಂಡದ್ದು ಔಷಧ ಸೇವಿಸಿದವರಲ್ಲಿ ಶೇ 3.8, ಹುಸಿ ಗುಳಿಗೆ ನುಂಗಿದವರಲ್ಲಿ ಶೇ 2.1. ಲೆಕ್ಕ ಪರಿಶೋಧನೆ ನನ್ನ ವೃತ್ತಿಯಾದ್ದರಿಂದ ಇಂಥ ಅಂಕಿಗಳನ್ನು ಎರಡು ಬದಿಯಿಂದಲೂ ಓದುವುದು ನನಗೆ ಅಭ್ಯಾಸ. ವ್ಯತ್ಯಾಸ ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಹೆದರಿ ಓಡಬೇಕಾದ ಪ್ರಮಾಣವೇನಲ್ಲ. ಆದರೆ ಒಂದು ಲಕ್ಷ ಮಂದಿ ಈ ಗುಳಿಗೆ ನುಂಗಿದರೆ ಆ ಶೇ 1.7 ಎಂಬುದು 1,700 ಮಂದಿಯಾಗುತ್ತದೆ, ಬಹುಪಾಲು 1,700 ಮನೆಗಳೂ ಆಗುತ್ತವೆ.

ಅಂಥ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹೇಳಬಲ್ಲೆ. ಗುಳಿಗೆ ಆರಂಭಿಸಿದ ಆರು ತಿಂಗಳಲ್ಲಿ ದಿಂಬಿನ ಮೇಲೆ ಕೂದಲು ಬೀಳುವುದು ನಿಂತಿತು. ವರ್ಷ ಕಳೆಯುವ ಹೊತ್ತಿಗೆ ನಾನು ಖಾಯಂ ಆಗಿ ಹೋಗುವ ಕ್ಷೌರಿಕರೇ ಅದನ್ನು ಗುರುತಿಸಿ ಹೇಳಿದರು. ಎರಡನೆಯ ವರ್ಷದಲ್ಲಿ ಬೇರೊಂದು ಬದಲಾವಣೆ ಶುರುವಾಯಿತು. ಅದು ಒಂದು ದಿನ ಇದ್ದಕ್ಕಿದ್ದಂತೆ ಬರಲಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುವಂತೆ, ದಿನದಿನಕ್ಕೆ ಗೊತ್ತಾಗದ ಹಾಗೆ ದೇಹದ ಆಸೆ ಇಳಿಯಿತು. ಆಮೇಲೆ ಆಸೆಯಿದ್ದಾಗಲೂ ದೇಹ ಸ್ಪಂದಿಸದಾಯಿತು. ಅದರ ಬೆನ್ನಿಗೇ ಮನಸ್ಸಿನ ಮಂಕು. ದುಃಖವೆನ್ನುವಂಥದ್ದೇನೂ ಇರಲಿಲ್ಲ, ಆದರೆ ಸಂತೋಷ ಪಡಬೇಕಾದ ಸಂದರ್ಭಗಳಲ್ಲಿ ಸಂತೋಷ ಬರುತ್ತಿರಲಿಲ್ಲ. ಮಗಳು ಶಾಲೆಯಿಂದ ಬಹುಮಾನ ತಂದ ದಿನ ಅವಳ ಮುಂದೆ ನಗುವುದನ್ನೂ ನಾನು ಪ್ರಯತ್ನಪೂರ್ವಕವಾಗಿ ಮಾಡಬೇಕಾಯಿತು.

ಇದಕ್ಕೆ ನಾವು ಮನೆಯಲ್ಲಿ ಹುಡುಕಿದ ಕಾರಣಗಳು ಹಲವು. ಕೆಲಸದ ಒತ್ತಡ, ಮಾರ್ಚ್ ತಿಂಗಳ ಲೆಕ್ಕ, ನಲವತ್ತರ ಹೊಸ್ತಿಲು, ಸಕ್ಕರೆ ಕಾಯಿಲೆಯ ಭಯ. ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೊಮ್ಮೆ ಪತ್ನಿ ತಡೆಯಲಾರದೆ ಕೇಳಿದಳು, ‘ನಿಮಗೆ ನಾನು ಬೇಡವಾದೆನೆ?’ ಎಂದು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಉತ್ತರ ಸ್ನಾನದ ಮನೆಯ ಕಪಾಟಿನಲ್ಲಿದೆಯೆಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಗುಳಿಗೆ ಬರೆದುಕೊಟ್ಟ ಚಿಕಿತ್ಸಾಲಯದಲ್ಲಿ ಇಂಥ ಸಾಧ್ಯತೆಯ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಔಷಧ ಅಂಗಡಿಯಲ್ಲಿ ಹತ್ತು ಗುಳಿಗೆಯ ಹಾಳೆಗಳನ್ನು ಕಾಗದದ ಚೀಲಕ್ಕೆ ಹಾಕಿ ಕೊಡುತ್ತಿದ್ದರು. ಮಾಹಿತಿಪತ್ರ ಕೈಗೆ ಬಂದದ್ದಿಲ್ಲ. ಬೇರೊಂದು ಕಾರಣಕ್ಕೆ ಹೋಗಿದ್ದ ವೈದ್ಯರೊಬ್ಬರು, ಯಾವ ಯಾವ ಔಷಧ ಸೇವಿಸುತ್ತಿದ್ದೀರಿ ಎಂದು ಪಟ್ಟಿ ಕೇಳಿದಾಗ ವಿಷಯ ಹೊರಬಿತ್ತು.

ಗುಳಿಗೆ ನಿಲ್ಲಿಸಿದ ಕೆಲವು ತಿಂಗಳಲ್ಲಿ ಮನಸ್ಸಿನ ಮಂಕು ಬಹುಮಟ್ಟಿಗೆ ಕರಗಿತು. ದೇಹ ಪೂರ್ತಿಯಾಗಿ ಮೊದಲಿನಂತಾಗಲಿಲ್ಲ. ಎಲ್ಲವೂ ಆ ಗುಳಿಗೆಯಿಂದಲೇ ಆಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಒಬ್ಬ ಮನುಷ್ಯನ ಅನುಭವದಿಂದ ಕಾರ್ಯಕಾರಣ ಸಂಬಂಧ ಸಾಬೀತಾಗುವುದಿಲ್ಲ. ಗುಳಿಗೆ ನಿಲ್ಲಿಸಿದ ಸುಮಾರು ಎರಡು ವಾರಗಳಲ್ಲಿ ರಕ್ತದ ಹಾರ್ಮೋನು ಮೊದಲಿನ ಮಟ್ಟಕ್ಕೆ ಮರಳುತ್ತದೆ ಎಂದು ಔಷಧದ ಮಾಹಿತಿಪತ್ರವೇ ಹೇಳುತ್ತದೆ. ಹಾಗಿದ್ದರೂ ಕೆಲವರಲ್ಲಿ ತೊಂದರೆ ಏಕೆ ಉಳಿಯುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಒಮ್ಮತದ ಉತ್ತರವಿಲ್ಲ. ಈ ಔಷಧ ತಡೆಯುವ ಕಿಣ್ವಕ್ಕೆ ಮಿದುಳಿನಲ್ಲಿಯೂ ಕೆಲಸವಿದೆ, ಮನಸ್ಸಿನ ಸಮತೋಲಕ್ಕೆ ಬೇಕಾದ ಕೆಲವು ರಾಸಾಯನಿಕಗಳ ತಯಾರಿಕೆಯಲ್ಲಿ ಅದು ಪಾಲ್ಗೊಳ್ಳುತ್ತದೆ ಎಂಬುದರತ್ತ ಸಂಶೋಧಕರು ಬೊಟ್ಟುಮಾಡುತ್ತಾರೆ.

ಇದು ಬರೀ ಕಲ್ಪನೆ ಎಂದು ಪಕ್ಕಕ್ಕೆ ಸರಿಸುವ ಕಾಲ ಮಾತ್ರ ಮುಗಿದಿದೆ. ಔಷಧ ನಿಲ್ಲಿಸಿದ ಮೇಲೂ ನಿಮಿರು ದೌರ್ಬಲ್ಯ ಮುಂದುವರಿದ ವರದಿಗಳನ್ನು ಅಮೆರಿಕದಲ್ಲಿ 2011ರಲ್ಲಿ ಮಾಹಿತಿಪತ್ರಕ್ಕೆ ಸೇರಿಸಲಾಯಿತು. 2012ರಲ್ಲಿ ಆಸಕ್ತಿ ಕುಂದುವಿಕೆ ಹಾಗೂ ವೀರ್ಯಸ್ಖಲನದ ತೊಂದರೆಗಳೂ ಆ ಸಾಲಿಗೆ ಸೇರಿದವು. ಔಷಧವನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕೆಂಬ ಅರ್ಜಿಯನ್ನು ಅಲ್ಲಿನ ಆಡಳಿತ 2022ರಲ್ಲಿ ತಳ್ಳಿಹಾಕಿತು. ಆದರೆ ಆತ್ಮಹತ್ಯೆಯ ಯೋಚನೆ ಮತ್ತು ವರ್ತನೆಯ ವರದಿಗಳನ್ನು ಮಾಹಿತಿಪತ್ರದಲ್ಲಿ ಉಲ್ಲೇಖಿಸಬೇಕೆಂದು ಅದೇ ಸಂದರ್ಭದಲ್ಲಿ ಸೂಚಿಸಿತು. ಬ್ರಿಟನ್ 2024ರಲ್ಲಿ ರೋಗಿಗಳಿಗಾಗಿ ಎಚ್ಚರಿಕೆಯ ಚೀಟಿಯೊಂದನ್ನು ಜಾರಿಗೆ ತಂದಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯು ಆತ್ಮಹತ್ಯೆಯ ಯೋಚನೆಯನ್ನು ಫಿನಾಸ್ಟರೈಡ್ ಗುಳಿಗೆಗಳ ಅಡ್ಡಪರಿಣಾಮವೆಂದು ದೃಢಪಡಿಸಿತು. ಅದು ಎಷ್ಟು ಮಂದಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಗೊತ್ತಿಲ್ಲವೆಂದೂ, ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವು ಬೋಳುತಲೆಗೆ ಕೊಡುವ 1 ಮಿಲಿಗ್ರಾಂ ಗುಳಿಗೆಗೆ ಸಂಬಂಧಿಸಿದವೆಂದೂ ಹೇಳಿತು. ಔಷಧದ ಲಾಭ ಅದರ ಅಪಾಯಕ್ಕಿಂತ ಹೆಚ್ಚು ಎಂಬ ನಿಲುವನ್ನು ಆ ಸಮಿತಿ ಬದಲಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಅಡ್ಡಪರಿಣಾಮಗಳನ್ನು ಮೊದಲೇ ಹೇಳುವುದಕ್ಕೆ ವೈದ್ಯರಲ್ಲಿ ಕೆಲವರು ಎತ್ತುವ ಆಕ್ಷೇಪವೊಂದಿದೆ. ಹೇಳಿದರೆ ಹೆದರಿಕೆಯಿಂದಲೇ ತೊಂದರೆ ಹುಟ್ಟುತ್ತದೆ ಎಂಬುದು ಅವರ ವಾದ. ಅದಕ್ಕೆ ಆಧಾರವೂ ಇದೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಪ್ರಾಸ್ಟೇಟ್ ತೊಂದರೆಗೆ ಇದೇ ಔಷಧದ 5 ಮಿಲಿಗ್ರಾಂ ಗುಳಿಗೆ ಪಡೆದವರನ್ನು ಎರಡು ಗುಂಪು ಮಾಡಲಾಗಿತ್ತು. ಲೈಂಗಿಕ ಅಡ್ಡಪರಿಣಾಮಗಳ ಬಗ್ಗೆ ತಿಳಿಸಲಾದ ಗುಂಪಿನಲ್ಲಿ ಶೇ 43.6ರಷ್ಟು ಮಂದಿ ಅಂಥ ತೊಂದರೆಯನ್ನು ಹೇಳಿಕೊಂಡರೆ, ತಿಳಿಸದ ಗುಂಪಿನಲ್ಲಿ ಹೇಳಿಕೊಂಡವರು ಶೇ 15.3 ಮಾತ್ರ. ಮನಸ್ಸಿನ ಪ್ರಭಾವ ಎಷ್ಟು ದೊಡ್ಡದೆಂದು ಈ ಅಂಕಿಗಳು ತೋರಿಸುತ್ತವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಇದರಿಂದ ಹೇಳದಿರುವುದೇ ಲೇಸು ಎಂಬ ತೀರ್ಮಾನಕ್ಕೆ ಬರಬಹುದೆ? ನನಗೆ ಯಾರೂ ಏನೂ ಹೇಳಿರಲಿಲ್ಲ. ಕೇಳಿ ಹೆದರಿದ್ದರಿಂದ ತೊಂದರೆಯಾಯಿತೆಂಬ ವಿವರಣೆ ನನ್ನಂಥವನಿಗೆ ಹೊಂದುವುದಿಲ್ಲ. ತಿಳಿಯದವನು ತೊಂದರೆಯಿಂದ ಪಾರಾಗುವುದಿಲ್ಲ. ಅವನು ಅದಕ್ಕೆ ತಪ್ಪು ಹೆಸರು ಕೊಡುತ್ತಾನೆ. ವಯಸ್ಸಾಯಿತು ಎನ್ನುತ್ತಾನೆ, ದಾಂಪತ್ಯ ಹಳಸಿತು ಎನ್ನುತ್ತಾನೆ, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾನೆ. ಹೆಂಡತಿಯೂ ತನ್ನದೇ ಒಂದು ಹೆಸರು ಕೊಟ್ಟುಕೊಳ್ಳುತ್ತಾಳೆ. ಮದುವೆಯಾಗಲೆಂದು ನುಂಗಿದ ಗುಳಿಗೆ ಮದುವೆಯನ್ನೇ ಅಲುಗಾಡಿಸುವಂತಾದರೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ. ಜೀವ ಉಳಿಸುವ ಔಷಧವಾದರೆ ಅಪಾಯವಿದ್ದರೂ ನುಂಗಲೇಬೇಕಾಗುತ್ತದೆ. ಅಂದಕ್ಕಾಗಿ ನುಂಗುವ ಔಷಧದಲ್ಲಿ ಬೇಡವೆನ್ನುವ ಆಯ್ಕೆ ಸದಾ ತೆರೆದಿರುತ್ತದೆ. ಆದ್ದರಿಂದಲೇ ಅಲ್ಲಿ ತಿಳಿಸುವ ಹೊಣೆ ಹೆಚ್ಚಬೇಕು. ನಮ್ಮಲ್ಲಿ ನಡೆಯುತ್ತಿರುವುದು ತದ್ವಿರುದ್ಧ. ಕೂದಲಿನ ವಿಷಯ ತಾನೇ ಎಂಬ ಉಪೇಕ್ಷೆಯಲ್ಲಿ ಹೊಣೆ ಹಗುರವಾಗಿದೆ.

ನಮ್ಮ ಕಾನೂನಿನಲ್ಲಿ ಫಿನಾಸ್ಟರೈಡ್ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧ. ಬೋಳುತಲೆಯನ್ನು ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಬೋಳುತಲೆಯ ಹೆಸರು ಸ್ಪಷ್ಟವಾಗಿಯೇ ಇದೆ. ವ್ಯವಹಾರದಲ್ಲಿ ಹಳೆಯ ಚೀಟಿ ತೋರಿಸಿ, ಎಷ್ಟೋ ವೇಳೆ ಅದೂ ಇಲ್ಲದೆ, ಈ ಗುಳಿಗೆ ಕೊಳ್ಳುವುದು ಕಷ್ಟವೇನಲ್ಲ. ಅಗ್ಗವಾಗುತ್ತದೆಂದು 5 ಮಿಲಿಗ್ರಾಂ ಗುಳಿಗೆಯನ್ನು ಮನೆಯಲ್ಲೇ ತುಂಡರಿಸಿ ನುಂಗುವವರಿದ್ದಾರೆ. ಮುರಿದ ಅಥವಾ ಪುಡಿಯಾದ ಗುಳಿಗೆಯನ್ನು ಗರ್ಭಿಣಿಯರು ಮುಟ್ಟಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅದರಿಂದ ಅಪಾಯವಿದೆ ಎಂಬ ಸಂಗತಿ ಅಂಥ ಮನೆಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಇದೇ ಕಾರಣದಿಂದ, ಈ ಔಷಧ ಸೇವಿಸುವವರು ಅದನ್ನು ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತದಾನ ಮಾಡಬಾರದು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಫಿನಾಸ್ಟರೈಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ವೈದ್ಯರಿಗೆ ಔಷಧದ ವಿಷಯ ಹೇಳದಿದ್ದರೆ ಅಪಾಯದ ಅಂಕಿಯೂ ಸುರಕ್ಷಿತವೆಂಬಂತೆ ಕಾಣುತ್ತದೆ. ತಲೆಗೆ ಹಚ್ಚುವ ದ್ರಾವಣದ ರೂಪದಲ್ಲಿ ಬಂದರೆ ನಿರಪಾಯ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಚರ್ಮದ ಮೂಲಕವೂ ಔಷಧ ರಕ್ತ ಸೇರುತ್ತದೆ.

ಇನ್ನು ಲೆಕ್ಕದ ಪ್ರಶ್ನೆ. ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದು ನಮ್ಮಲ್ಲಿದೆ. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದರ ಕೇಂದ್ರ. ವೈದ್ಯರಷ್ಟೇ ಅಲ್ಲದೆ ಔಷಧ ಸೇವಿಸಿದವರೂ 1800-180-3024 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ವರದಿ ಕೊಡಬಹುದು. ಔಷಧವೇ ಕಾರಣವೆಂದು ನಾವು ಸಾಬೀತುಪಡಿಸಬೇಕಿಲ್ಲ, ಅನುಮಾನವಿದ್ದರೆ ಸಾಕು. ನಾನು ವರದಿ ಕೊಟ್ಟೆ. ಈ ವಿಷಯ ತಿಳಿದ ಮೇಲೆ ಪರಿಚಿತರಲ್ಲಿ ಮೂವರು, ತಮಗೂ ಹಾಗೆಯೇ ಆಗಿತ್ತೆಂದು ನನ್ನೊಡನೆ ಪಿಸುದನಿಯಲ್ಲಿ ಹೇಳಿಕೊಂಡರು. ಅವರಲ್ಲಿ ಒಬ್ಬರೂ ತಮ್ಮ ವೈದ್ಯರಿಗೆ ಹೇಳಿರಲಿಲ್ಲ, ಎಲ್ಲಿಯೂ ದಾಖಲಿಸಿರಲಿಲ್ಲ. ಚರ್ಮದ ಮೇಲೆ ಗಂಧೆ ಎದ್ದರೆ, ಹೊಟ್ಟೆ ಕೆಟ್ಟರೆ ಮರುದಿನವೇ ವೈದ್ಯರಿಗೆ ಫೋನು ಮಾಡುವ ಗಂಡಸು ಈ ಒಂದು ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ. ಪುರುಷತ್ವದ ಮಾನ ಅಲ್ಲಿ ಅಡ್ಡ ಬರುತ್ತದೆ. ಹೀಗೆ ಅಂಜಿಕೆಯಿಂದ ಮುಚ್ಚಿಟ್ಟ ತೊಂದರೆಯೆಲ್ಲ, ದಾಖಲೆಯಲ್ಲಿ ತೊಂದರೆಯೇ ಇಲ್ಲವೆಂಬ ಸಮಾಧಾನವಾಗಿ ಮಾರ್ಪಡುತ್ತದೆ. ಪುಸ್ತಕಕ್ಕೆ ಏರದ ನಷ್ಟ ನಷ್ಟವೇ ಅಲ್ಲವೆಂದು ಯಾವ ಲೆಕ್ಕಿಗನೂ ಒಪ್ಪಲಾರ. ನಮ್ಮ ಔಷಧ ವ್ಯವಸ್ಥೆ ಅದನ್ನು ಪ್ರತಿದಿನ ಒಪ್ಪುತ್ತಿದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗುಳಿಗೆ ಬರೆಯುವ ಮುನ್ನ ವೈದ್ಯರು ಎರಡು ನಿಮಿಷ ಮಾತನಾಡಲಿ: ನೂರರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಹೀಗಾಗಬಹುದು, ಆದರೆ ಬಂದು ತಿಳಿಸಿ. ಹೀಗೆ ಹೇಳಿದರೆ ಹೆದರಿಕೆಯೂ ಹುಟ್ಟದು, ಕತ್ತಲೆಯೂ ಉಳಿಯದು. ಖಿನ್ನತೆಯ ಇತಿಹಾಸವಿದೆಯೆ ಎಂದು ಮೊದಲೇ ಕೇಳಲಿ. ವಿವಾಹಿತರಾದರೆ ಪತಿಪತ್ನಿ ಇಬ್ಬರಿಗೂ ಹೇಳುವುದು ಇನ್ನೂ ಒಳ್ಳೆಯದು. ಬದಲಾವಣೆಯನ್ನು ಮೊದಲು ಗುರುತಿಸುವುದು ಸಾಮಾನ್ಯವಾಗಿ ಮನೆಯವರೇ. ಯುರೋಪಿನಲ್ಲಿ ಪೊಟ್ಟಣದೊಳಗೆ ಇಡಬೇಕೆಂದು ಹೇಳಿರುವ ಎಚ್ಚರಿಕೆಯ ಚೀಟಿ, ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಇಲ್ಲಿಯೂ ಬರಲಿ. ಚೀಟಿಯಿಲ್ಲದೆ ಮಾರುವ ಅಂಗಡಿಗಳ ಮೇಲೆ ಔಷಧ ನಿಯಂತ್ರಣ ಇಲಾಖೆ ಕಣ್ಣಿಡಲಿ. ಗುಳಿಗೆ ಸೇವಿಸುತ್ತಿರುವಾಗ ಮನಸ್ಸು ಕುಸಿದರೆ ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸುವ ಯೋಚನೆ ಬಂದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ತೆರೆದಿರುತ್ತದೆ.

ನನ್ನ ಮಟ್ಟಿಗೆ, ಉಳಿದುಕೊಂಡ ತೊಂದರೆಯೊಡನೆ ಬಾಳುವುದನ್ನು ನಾವಿಬ್ಬರೂ ಕಲಿತಿದ್ದೇವೆ. ಕಾರಣ ಗೊತ್ತಾದ ದಿನವೇ ಅದರ ಅರ್ಧ ಭಾರ ಇಳಿಯಿತೆಂದರೆ ಉತ್ಪ್ರೇಕ್ಷೆಯಾಗದು. ನಿಲ್ಲಿಸಿದ ವರ್ಷದೊಳಗೆ ಉಳಿಸಿಕೊಂಡಿದ್ದ ಕೂದಲೂ ಹೋಯಿತು; ಈಗ ಇರುವುದನ್ನು ತೀರ ಚಿಕ್ಕದಾಗಿ ಕತ್ತರಿಸಿಕೊಳ್ಳುತ್ತೇನೆ. ಈ ಔಷಧ ಬೇಕೆನ್ನುವ ಯುವಕರನ್ನು ತಡೆಯುವ ಅಧಿಕಾರ ನನಗಿಲ್ಲ, ತಡೆಯುವ ಇಚ್ಛೆಯೂ ಇಲ್ಲ. ಗಂಡಿನ ತಲೆ ನೋಡಿ ಸಂಬಂಧ ತೂಗುವ ಹಿರಿಯರಿಗೆ ಮಾತ್ರ ಒಂದು ಮಾತು ಹೇಳಬೇಕೆನಿಸುತ್ತದೆ. ನೀವು ತಮಾಷೆಗೆಂದು ಆಡುವ ಮಾತು ಕೇಳಿ ಆ ಹುಡುಗ ಮನೆಗೆ ಹೋಗಿ ಏನನ್ನು ನುಂಗುತ್ತಾನೆ ಎಂಬುದು ನಿಮಗೆ ತಿಳಿದಿರಲಿ.